ಪುಲಿಕೇಶಿಯ ಹೆಸರು ಬರೆದಿಟ್ಟ ಊರು - ಚೀನಾದ ಶಾನ್‌ಶಿ

ಬಹಳ ದಿನಗಳಿಂದ ಬರೀಬೇಕು ಬರೀಬೇಕು ಅಂದುಕೊಂಡು ಮುಂದೂಡುತ್ತಾ ಬಂದಿದ್ದ ಬರಹ ಇದು. ಹೋದ ವರ್ಷ ಆಫೀಸಿನ ಕೆಲಸದ ಮೇಲೆ ಎರಡು ವಾರ ಚೀನಾದ ಶಿಯಾನ್ ನಗರದಲ್ಲಿದ್ದೆ. ಕೆಲಸದ ದಿನಗಳೆಲ್ಲಾ ಮೀಟಿಂಗ್ ರೂಮಿನಲ್ಲೇ ಕಳೆದವು. ನನಗೆ ಅಂತ ಸಿಕ್ಕಿದ್ದು ಎರಡು ವಾರಾಂತ್ಯ ಮಾತ್ರ. ಹೋಗುವ ಮುಂಚೆ ನನಗೆ ಗೊತ್ತಿದ್ದದ್ದು ಒಂದೇ, ಅಲ್ಲಿ ಮಣ್ಣಿನ ಸೈನಿಕರಿದ್ದಾರೆ ಅಂತ. ವಾಪಸ್ ಬರುವಾಗ ತಲೆಯಲ್ಲಿ ತುಂಬಿಕೊಂಡಿದ್ದು ಸೈನಿಕರಲ್ಲ, ಪುಸ್ತಕಗಳು! ಯಾಕೆ ಅಂತ ಹೇಳುತ್ತೇನೆ.

ಮೊದಲು ಹೆಸರಿನ ಗೊಂದಲ ಮುಗಿಸಿಬಿಡೋಣ. ಶಿಯಾನ್ ಇರುವ ಪ್ರಾಂತ್ಯದ ಹೆಸರು ಶಾನ್‌ಶಿ. ಅದರ ಪಕ್ಕದ ಪ್ರಾಂತ್ಯದ ಹೆಸರೂ ಶಾನ್‌ಶಿ! ಚೀನೀ ಲಿಪಿಯಲ್ಲಿ ಎರಡಕ್ಕೂ ಬೇರೆ ಬೇರೆ ಅಕ್ಷರ, ಮಾತಿನಲ್ಲಿ ಸ್ವರದ ಏರಿಳಿತ ಬೇರೆ. ಇಂಗ್ಲಿಷಿನಲ್ಲಿ ಆ ಏರಿಳಿತ ತೋರಿಸಲು ಆಗದೆ ಒಂದು ಪ್ರಾಂತ್ಯಕ್ಕೆ ಒಂದು 'ಎ' ಜಾಸ್ತಿ ಹಾಕಿ ಬರೆಯುತ್ತಾರೆ. ನಾನು ಹೇಳುತ್ತಿರುವುದು ಎರಡು 'ಎ' ಇರುವ, ಪಶ್ಚಿಮದ ಕಡೆಯ ಶಾನ್‌ಶಿ. ವಿಸ್ತೀರ್ಣ ಸುಮಾರು 2,05,000 ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕಕ್ಕಿಂತ (1,91,791) ಸ್ವಲ್ಪ ದೊಡ್ಡದು. ಜನಸಂಖ್ಯೆ 2020ರ ಗಣತಿಯಲ್ಲಿ 3.95 ಕೋಟಿ. ಉತ್ತರಕ್ಕೆ ಹಳದಿ ಮಣ್ಣಿನ ಪ್ರಸ್ಥಭೂಮಿ, ನಡುವೆ ವೇ ನದಿಯ ಬಯಲು, ಅದರ ದಕ್ಷಿಣಕ್ಕೆ ಗೋಡೆಯಂತೆ ನಿಂತ ಚಿನ್‌ಲಿಂಗ್ ಪರ್ವತಗಳು. ಈ ಬೆಟ್ಟದ ಉತ್ತರಕ್ಕೆ ಬಿದ್ದ ಮಳೆ ಹಳದಿ ನದಿ ಸೇರುತ್ತದೆ, ದಕ್ಷಿಣಕ್ಕೆ ಬಿದ್ದದ್ದು ಯಾಂಗ್‌ತ್ಸಿ ಸೇರುತ್ತದೆ. ನಮ್ಮ ಪಶ್ಚಿಮಘಟ್ಟದ ಹಾಗೆಯೇ.

ನಡುವಿನ ಆ ಬಯಲಿನಲ್ಲೇ ಚೀನಾದ ಅರ್ಧ ಇತಿಹಾಸ ನಡೆದಿದೆ. ಝೌ, ಚಿನ್, ಹಾನ್, ತಾಂಗ್ ವಂಶದವರೆಲ್ಲಾ ಶಿಯಾನ್‌ನಲ್ಲೋ ಅದರ ಸುತ್ತಮುತ್ತಲೋ ರಾಜಧಾನಿ ಮಾಡಿಕೊಂಡಿದ್ದರು. ಆಗ ಊರಿನ ಹೆಸರು ಚಾಂಗ್-ಆನ್, ಅಂದರೆ 'ಬಹುಕಾಲದ ಶಾಂತಿ'. ಇತಿಹಾಸ ನೋಡಿದರೆ ಶಾಂತಿ ಮಾತ್ರ ಅಷ್ಟೇನೂ ಇರಲಿಲ್ಲ ಬಿಡಿ...

ಮಣ್ಣಿನ ಸೈನ್ಯ

ಮೊದಲ ಶನಿವಾರ ಎಲ್ಲರ ಹಾಗೆ ನಾನೂ ಲಿನ್‌ತೋಂಗ್‌ಗೆ ಹೋದೆ. 1974ರ ಮಾರ್ಚಿನಲ್ಲಿ ಅಲ್ಲಿನ ರೈತರು ಬಾವಿ ತೋಡುತ್ತಿದ್ದಾಗ ಮಣ್ಣಿನ ಮೂರ್ತಿಯ ತುಂಡುಗಳು ಸಿಕ್ಕವು. ಅಗೆಯುತ್ತಾ ಹೋದಂತೆ ಒಂದು ಸೈನ್ಯವೇ ಹೊರಬಂತು. ಮೂರು ಗುಂಡಿಗಳು, ಒಟ್ಟು ಸುಮಾರು 8,000 ಮೂರ್ತಿಗಳು ಅಂತ ಅಂದಾಜು. ಮೊದಲನೇ ಗುಂಡಿ 230 ಮೀಟರ್ ಉದ್ದ, 62 ಮೀಟರ್ ಅಗಲ. ರೈಲ್ವೆ ಸ್ಟೇಷನ್ನಿನಂಥ ದೊಡ್ಡ ಚಾವಣಿಯ ಕೆಳಗೆ ಸಾಲುಸಾಲಾಗಿ ನಿಂತಿದ್ದಾರೆ. ಒಬ್ಬೊಬ್ಬರ ಮುಖವೂ ಬೇರೆ. 1979ರಲ್ಲಿ ವಸ್ತುಸಂಗ್ರಹಾಲಯ ತೆರೆಯಿತು, 1987ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಇವರೆಲ್ಲಾ ಕಾಯುತ್ತಿರುವುದು ಚಿನ್ ಶಿ ಹುವಾಂಗ್‌ನನ್ನು. 13ನೇ ವಯಸ್ಸಿಗೆ ರಾಜನಾಗಿ, ಉಳಿದ ಆರು ರಾಜ್ಯಗಳನ್ನು ಒಂದೊಂದಾಗಿ ನುಂಗಿ, ಕ್ರಿ.ಪೂ. 221ರಲ್ಲಿ ಚೀನಾದ ಮೊದಲ ಸಾಮ್ರಾಟನಾದವನು. ಕ್ರಿ.ಪೂ. 210ರಲ್ಲಿ ಸತ್ತ. ಅವನ ಸಮಾಧಿಯ ದಿಬ್ಬವನ್ನು ಇನ್ನೂ ಅಗೆದಿಲ್ಲ. ಒಳಗೆ ಪಾದರಸದ ನದಿಗಳು ಹರಿಯುತ್ತಿದ್ದವು ಎಂದು ಹಳೆಯ ಇತಿಹಾಸಕಾರ ಸಿಮಾ ಚಿಯೆನ್ ಬರೆದಿದ್ದಾನೆ. ಅದು ಕಟ್ಟುಕತೆ ಅಂದುಕೊಂಡಿದ್ದವರಿಗೆ, ದಿಬ್ಬದ ಮಣ್ಣನ್ನು ಪರೀಕ್ಷಿಸಿದಾಗ ನಿಜಕ್ಕೂ ಪಾದರಸದ ಅಂಶ ವಿಪರೀತವಾಗಿ ಸಿಕ್ಕಿತು! ಸಮಾಧಿ ಕಟ್ಟಲು 7 ಲಕ್ಷ ಜನರನ್ನು ದುಡಿಸಿದರು ಎಂದೂ ಅವನೇ ಬರೆದಿದ್ದಾನೆ.

ನಾವು ನೋಡುವ ಸೈನಿಕರು ಬೂದು ಬಣ್ಣದವರು. ಮೊದಲು ಹಾಗಿರಲಿಲ್ಲ, ಕೆಂಪು, ಹಸಿರು, ನೇರಳೆ ಬಣ್ಣ ಬಳಿದಿದ್ದರು. ಬಣ್ಣದ ಕೆಳಗೆ ಅರಗಿನಂಥ ಲೇಪ ಇತ್ತು. ಎರಡು ಸಾವಿರ ವರ್ಷ ಒದ್ದೆ ಮಣ್ಣಿನಲ್ಲಿದ್ದದ್ದು ಹೊರಗಿನ ಒಣ ಗಾಳಿ ತಾಗಿದ ಕೆಲವೇ ನಿಮಿಷಗಳಲ್ಲಿ ಸುರುಳಿ ಸುತ್ತಿ ಉದುರಿಹೋಯಿತು. ಅಗೆದು ತೆಗೆದದ್ದೇ ಅದಕ್ಕೆ ಮುಳುವಾಯಿತು ನೋಡಿ.

ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ವಿಷಯ. ಕೆಲವು ಮೂರ್ತಿಗಳ ಮೇಲೆ ಅವನ್ನು ಮಾಡಿದ ಕುಶಲಕರ್ಮಿಯ ಹೆಸರು ಗೀರಿದೆ, ಇಲ್ಲವೇ ಮುದ್ರೆ ಒತ್ತಿದೆ. ಇದು ಗೌರವಕ್ಕಾಗಿ ಅಲ್ಲ! ಮೂರ್ತಿ ಕೆಟ್ಟದಾಗಿದ್ದರೆ ಯಾರನ್ನು ಹಿಡಿದು ಶಿಕ್ಷಿಸಬೇಕು ಅಂತ ಗೊತ್ತಾಗಬೇಕಲ್ಲ, ಅದಕ್ಕೆ. ನಾವು ಬರೆದ ಕೋಡಿನ ಪ್ರತಿ ಸಾಲಿಗೂ ನಮ್ಮ ಹೆಸರು ಅಂಟಿಕೊಂಡಿರುತ್ತದೆ, ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದರೆ ಫೋನ್ ಬರುವುದು ಆ ಹೆಸರಿನವನಿಗೇ. ಆದರೆ ಶಿಕ್ಷೆಗೆಂದು ಬರೆಸಿದ ಆ ಹೆಸರುಗಳಿಂದಲೇ ಇವತ್ತು ಆ ಬಡ ಕುಂಬಾರರು ನಮಗೆ ಗೊತ್ತು. ಸಾಮ್ರಾಟ ಅಂದುಕೊಂಡದ್ದು ಒಂದು, ಆದದ್ದು ಇನ್ನೊಂದು.

ಸುಟ್ಟ ಪುಸ್ತಕಗಳು

ಈ ಸಾಮ್ರಾಟ ಮಾಡಿದ ದೊಡ್ಡ ಕೆಲಸ ಎಲ್ಲವನ್ನೂ ಒಂದೇ ಅಳತೆಗೆ ತಂದದ್ದು. ತೂಕ, ಅಳತೆ, ನಾಣ್ಯ, ಬಂಡಿಯ ಅಚ್ಚಿನ ಅಗಲ... ಎಲ್ಲಕ್ಕಿಂತ ಮುಖ್ಯವಾಗಿ ಲಿಪಿ. ಒಂದೊಂದು ರಾಜ್ಯದಲ್ಲಿ ಒಂದೊಂದು ತರಹ ಬರೆಯುತ್ತಿದ್ದ ಅಕ್ಷರಗಳನ್ನೆಲ್ಲಾ ತೆಗೆದು ಒಂದೇ ರೂಪ ಜಾರಿಗೆ ತಂದ. ಇವತ್ತು ಚೀನಾದ ಒಂದು ಮೂಲೆಯವನ ಮಾತು ಇನ್ನೊಂದು ಮೂಲೆಯವನಿಗೆ ಅರ್ಥವಾಗದಿದ್ದರೂ ಬರೆದು ತೋರಿಸಿದರೆ ಅರ್ಥವಾಗುತ್ತದೆ ಅಂದರೆ ಅದಕ್ಕೆ ಬುನಾದಿ ಇಲ್ಲಿದೆ.

ಅದೇ ಮನುಷ್ಯ ಕ್ರಿ.ಪೂ. 213ರಲ್ಲಿ ಪುಸ್ತಕಗಳನ್ನು ಸುಡಲು ಆಜ್ಞೆ ಹೊರಡಿಸಿದ. ಮಂತ್ರಿ ಲಿ ಸ್ಸನ ಸಲಹೆ. ಹಳೆಯ ಪುಸ್ತಕ ಓದಿದವರು ಹಳೆಯ ಕಾಲವನ್ನು ಹೊಗಳಿ ಈಗಿನ ರಾಜನನ್ನು ತೆಗಳುತ್ತಾರೆ ಎಂಬುದು ಅವನ ವಾದ. ವೈದ್ಯ, ಬೇಸಾಯ, ಶಕುನದ ಪುಸ್ತಕಗಳಿಗೆ ವಿನಾಯಿತಿ. ಆಸ್ಥಾನದ ವಿದ್ವಾಂಸರ ಬಳಿ ಇದ್ದ ಪ್ರತಿಗಳನ್ನು ಮುಟ್ಟಲಿಲ್ಲ. ಅಂದರೆ ಎಲ್ಲಾ ಕಡೆ ಅಳಿಸಿ ಒಂದೇ ಕಡೆ ಉಳಿಸಿಕೊಂಡರು. ಕಂಪ್ಯೂಟರ್ ಕೆಲಸದವರಿಗೆ ಮುಂದೇನಾಗುತ್ತೆ ಅಂತ ಆಗಲೇ ಗೊತ್ತಾಗಿರಬೇಕು. ಏಳೇ ವರ್ಷಕ್ಕೆ, ಕ್ರಿ.ಪೂ. 206ರಲ್ಲಿ, ಶಿಯಾಂಗ್ ಯೂ ಎಂಬ ದಂಡನಾಯಕ ರಾಜಧಾನಿ ಶಿಯಾನ್‌ಯಾಂಗ್‌ಗೆ ನುಗ್ಗಿ ಅರಮನೆಗಳಿಗೆ ಬೆಂಕಿ ಇಟ್ಟ. ಬೆಂಕಿ ಮೂರು ತಿಂಗಳು ಉರಿಯಿತಂತೆ. ಆ ಉಳಿದ ಪ್ರತಿಗಳಲ್ಲಿ ಎಷ್ಟೋ ಅದರಲ್ಲೇ ಹೋದವು.

ಇಷ್ಟೆಲ್ಲಾ ನಮಗೆ ತಿಳಿದಿರುವುದು ಹೆಚ್ಚಾಗಿ ಮೇಲೆ ಹೇಳಿದ ಸಿಮಾ ಚಿಯೆನ್‌ನಿಂದ. ಅವನೂ ಶಾನ್‌ಶಿಯವನೇ, ಹಾನ್‌ಚೆಂಗ್ ಕಡೆಯವನು. ಸೋತ ಸೇನಾಪತಿಯೊಬ್ಬನ ಪರವಾಗಿ ಮಾತನಾಡಿದ್ದಕ್ಕೆ ಹಾನ್ ಸಾಮ್ರಾಟ ಅವನಿಗೆ ಪುರುಷತ್ವ ತೆಗೆಸುವ ಶಿಕ್ಷೆ ಕೊಟ್ಟ. ಅಂಥ ಅವಮಾನಕ್ಕಿಂತ ಸಾಯುವುದೇ ಮೇಲು ಅಂತ ಆ ಕಾಲದ ಮರ್ಯಾದಸ್ಥರು ಅಂದುಕೊಳ್ಳುತ್ತಿದ್ದರು. ಅವನು ಸಾಯಲಿಲ್ಲ. ಅಪ್ಪ ಶುರು ಮಾಡಿ ಬಿಟ್ಟುಹೋದ ಇತಿಹಾಸದ ಪುಸ್ತಕ ಮುಗಿಸಬೇಕಿತ್ತು, ಮುಗಿಸಿದ.

ಹೊತ್ತು ತಂದ ಪುಸ್ತಕಗಳು

ಈಗ ನಮ್ಮ ಕತೆಗೆ ಬರೋಣ. ಕ್ರಿ.ಪೂ. 138ರಲ್ಲಿ ಚಾಂಗ್-ಆನ್‌ನಿಂದ ಝಾಂಗ್ ಚಿಯೆನ್ ಎಂಬ ರಾಯಭಾರಿ ಪಶ್ಚಿಮಕ್ಕೆ ಹೊರಟ. ಇವನೂ ಶಾನ್‌ಶಿಯ ಹಾನ್‌ಝೋಂಗ್ ಕಡೆಯವನು. ದಾರಿಯಲ್ಲಿ ಶತ್ರುಗಳ ಕೈಗೆ ಸಿಕ್ಕಿ ವರ್ಷಗಟ್ಟಲೆ ಸೆರೆಯಲ್ಲಿದ್ದು 13 ವರ್ಷದ ಮೇಲೆ ವಾಪಸ್ ಬಂದ. ಈಗಿನ ಅಫ್ಘಾನಿಸ್ತಾನದ ಕಡೆಯ ಸಂತೆಯಲ್ಲಿ ತನ್ನದೇ ದೇಶದ ಬಿದಿರಿನ ಕೋಲು, ಬಟ್ಟೆ ಕಂಡು ಬೆಚ್ಚಿಬಿದ್ದ. ಎಲ್ಲಿಂದ ತಂದಿರಿ ಅಂತ ಕೇಳಿದರೆ 'ಶೆನ್‌ದು' ದೇಶದಿಂದ ಅಂದರಂತೆ. ಶೆನ್‌ದು ಅಂದರೆ ಸಿಂಧು, ನಮ್ಮ ದೇಶ! ರೇಷ್ಮೆ ದಾರಿ ಅಂತ ನಾವು ಶಾಲೆಯಲ್ಲಿ ಓದಿದ್ದರ ಆರಂಭ ಹೀಗೆ.

ಆ ದಾರಿಯಲ್ಲಿ ಭಿಕ್ಷುಗಳೂ ಬಂದರು. ಕುಮಾರಜೀವನ ತಂದೆ ಭಾರತದವರು, ತಾಯಿ ಕೂಚಾ ರಾಜ್ಯದ ರಾಜಕುಮಾರಿ. ಅವನು ಕ್ರಿ.ಶ. 401ರ ಕೊನೆಗೆ ಚಾಂಗ್-ಆನ್ ತಲುಪಿ ಸಾಯುವ ತನಕ ಸಂಸ್ಕೃತ ಗ್ರಂಥಗಳನ್ನು ಚೀನೀ ಭಾಷೆಗೆ ತಂದ. ಚೀನಾದಲ್ಲಿ ಇಂದಿಗೂ ಓದುವ ಎಷ್ಟೋ ಬೌದ್ಧ ಸೂತ್ರಗಳು ಅವನ ಅನುವಾದಗಳೇ.

ತಾಂಗ್ ವಂಶದ (618-907) ಕಾಲಕ್ಕೆ ಚಾಂಗ್-ಆನ್ ಪ್ರಪಂಚದ ಅತಿ ದೊಡ್ಡ ನಗರಗಳಲ್ಲಿ ಒಂದು. ಕೋಟೆಯೊಳಗೆ ಸುಮಾರು 84 ಚದರ ಕಿಲೋಮೀಟರ್, ಚೆಸ್ ಬೋರ್ಡಿನಂತೆ ನೇರ ರಸ್ತೆಗಳು, ಪೂರ್ವಕ್ಕೊಂದು ಪಶ್ಚಿಮಕ್ಕೊಂದು ಮಾರುಕಟ್ಟೆ. ಪರ್ಷಿಯಾದವರು, ಅರಬರು, ಜಪಾನಿನವರು, ಭಾರತದವರು ಎಲ್ಲಾ ಇದ್ದರು. ಗೌತಮ ಸಿದ್ಧ ಎಂಬ ಭಾರತೀಯ ಮೂಲದ ಖಗೋಳಜ್ಞ ಅಲ್ಲಿನ ಆಸ್ಥಾನದ ಖಗೋಳ ಇಲಾಖೆಗೇ ಮುಖ್ಯಸ್ಥನಾಗಿದ್ದ. ನಮ್ಮ ಸೊನ್ನೆಯನ್ನು ಒಂದು ಚುಕ್ಕಿಯಾಗಿ ಬರೆಯುವ ಪದ್ಧತಿಯನ್ನು 8ನೇ ಶತಮಾನದ ಆರಂಭದಲ್ಲಿ ಚೀನೀ ಪುಸ್ತಕದಲ್ಲಿ ವಿವರಿಸಿದವನು ಅವನೇ. ಅವನ ಮಗನ ಸಮಾಧಿ 1977ರಲ್ಲಿ ಶಿಯಾನ್ ಹತ್ತಿರ ಸಿಕ್ಕಿತು.

ಎರಡನೇ ಶನಿವಾರ ನೋಡಿದ್ದು ದೊಡ್ಡ ಕಾಡುಬಾತುಕೋಳಿ ಪಗೋಡ. ಹೆಸರು ತಮಾಷೆ ಅನ್ನಿಸಿದರೂ ಕಟ್ಟಡ ಗಂಭೀರ. ಏಳು ಅಂತಸ್ತು, ಸುಮಾರು 64 ಮೀಟರ್ ಎತ್ತರ, ಇಟ್ಟಿಗೆಯದು. ಎದುರಿಗೆ ಒಬ್ಬ ಭಿಕ್ಷುವಿನ ದೊಡ್ಡ ಪ್ರತಿಮೆ. ಹತ್ತಿರ ಹೋಗಿ ಯಾರು ಅಂತ ನೋಡಿದರೆ ನಮ್ಮ ಹೈಸ್ಕೂಲ್ ಸಮಾಜ ಪುಸ್ತಕದ ಹ್ಯೂಯೆನ್ ತ್ಸಾಂಗ್! (ಅಲ್ಲಿಯವರು ಶ್ವೆನ್‌ಜಾಂಗ್ ಅನ್ನುತ್ತಾರೆ.) ನಿಜ ಹೇಳಬೇಕೆಂದರೆ ಪರದೇಶದಲ್ಲಿ ಊರಿನವರು ಸಿಕ್ಕಷ್ಟು ಖುಷಿಯಾಯಿತು.

ಇವನು ಸುಮಾರು 629ರಲ್ಲಿ ಗಡಿ ದಾಟಬಾರದೆಂಬ ನಿಷೇಧವನ್ನು ಮುರಿದು, ಕದ್ದು ಭಾರತಕ್ಕೆ ಹೊರಟವನು. ಮರುಭೂಮಿ, ಹಿಮಪರ್ವತ ದಾಟಿ ಬಂದು ನಾಲಂದದಲ್ಲಿ ಓದಿ, ದೇಶವನ್ನೆಲ್ಲಾ ಸುತ್ತಿ 645ರಲ್ಲಿ ಚಾಂಗ್-ಆನ್‌ಗೆ ವಾಪಸಾದ. ಜೊತೆಗೆ 20 ಕುದುರೆಗಳ ಮೇಲೆ 657 ಗ್ರಂಥಗಳು! ಸಾಮ್ರಾಟ ಶಿಕ್ಷಿಸಲಿಲ್ಲ, ಬದಲಿಗೆ ನೋಡಿದ್ದನ್ನೆಲ್ಲಾ ಬರಿ ಅಂದ. ಮರುವರ್ಷವೇ ಪುಸ್ತಕ ಸಿದ್ಧವಾಯಿತು. ತಂದ ಗ್ರಂಥಗಳು ಬೆಂಕಿಗೆ ಸಿಗದಂತೆ ಕಾಪಾಡಲು 652ರಲ್ಲಿ ಕಟ್ಟಿದ್ದೇ ಈ ಪಗೋಡ. 664ರಲ್ಲಿ ಸಾಯುವ ತನಕ ಅನುವಾದ ಮಾಡುತ್ತಲೇ ಇದ್ದ. 75 ಗ್ರಂಥಗಳನ್ನು ಮುಗಿಸಿದ.

ಆ ಪ್ರವಾಸದಲ್ಲಿ ಅವನು ನಮ್ಮ ಕಡೆಗೂ ಬಂದಿದ್ದ. ಸುಮಾರು 641ರಲ್ಲಿ 'ಮಹಾರಾಷ್ಟ್ರ' ದೇಶವನ್ನು ನೋಡಿ ಅಲ್ಲಿನ ದೊರೆಯ ಹೆಸರನ್ನು ಚೀನೀ ಅಕ್ಷರದಲ್ಲಿ ಪು-ಲೋ-ಕಿ-ಶೆ ಅಂತ ಬರೆದಿದ್ದಾನೆ. ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಿಕೇಶಿ! ಜನ ಸ್ವಾಭಿಮಾನಿಗಳು, ಉಪಕಾರ ಮರೆಯರು, ಅವಮಾನ ಸಹಿಸರು ಅಂತೆಲ್ಲಾ ವರ್ಣಿಸುತ್ತಾನೆ. ಸೋತು ಬಂದ ಸೇನಾಪತಿಗೆ ಬೇರೆ ಶಿಕ್ಷೆ ಇಲ್ಲವಂತೆ, ಹೆಂಗಸರ ಬಟ್ಟೆ ಕೊಡುತ್ತಿದ್ದರಂತೆ. ಯುದ್ಧದ ಆನೆಗಳಿಗೆ ಹೆಂಡ ಕುಡಿಸಿ ನುಗ್ಗಿಸುತ್ತಿದ್ದರಂತೆ. ಹರ್ಷವರ್ಧನ ಇಡೀ ಸೈನ್ಯ ಕಟ್ಟಿಕೊಂಡು ಬಂದರೂ ಇವರನ್ನು ಗೆಲ್ಲಲಾಗಲಿಲ್ಲ ಅಂತಲೂ ಬರೆದಿದ್ದಾನೆ.

ಈ ಕೊನೆಯ ಮಾತು ಯಾಕೆ ಮುಖ್ಯ ಅಂದರೆ, 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿಯೂ ಇದನ್ನೇ ಹೇಳುತ್ತಾನೆ, ಹರ್ಷನ ಹರ್ಷವೇ ಹಾರಿಹೋಯಿತೆಂಬ ಶ್ಲೇಷೆಯ ಸಮೇತ. ಆದರೆ ರವಿಕೀರ್ತಿ ಪುಲಿಕೇಶಿಯ ಆಸ್ಥಾನದವನು, ದೊರೆಯನ್ನು ಹೊಗಳುವುದು ಸಹಜ ಅಂತ ಯಾರಾದರೂ ತಳ್ಳಿಹಾಕಬಹುದಿತ್ತು. ಹ್ಯೂಯೆನ್ ತ್ಸಾಂಗ್ ಹರ್ಷನ ಆತಿಥ್ಯ ಪಡೆದವನು, ಅವನನ್ನು ಬಾಯ್ತುಂಬ ಹೊಗಳಿದವನು. ಅಂಥವನೇ ಹರ್ಷ ಗೆಲ್ಲಲಿಲ್ಲ ಎಂದ ಮೇಲೆ ಸಾಕ್ಷಿಗೆ ಬೇರೆಯೇ ತೂಕ ಬರುತ್ತದೆ. ನಮ್ಮ ದೊರೆಯ ಗೆಲುವಿಗೆ ಹೊರಗಿನ ಸಾಕ್ಷಿ ಉಳಿದದ್ದು ಈ ಊರಿನಲ್ಲಿ!

ಇನ್ನೂ ಒಂದು ವಿಷಯ. ಅದೇ ದಕ್ಷಿಣದ ಪ್ರವಾಸದಲ್ಲಿ ಕೊಂಕಣಪುರ ಎಂಬ ರಾಜ್ಯಕ್ಕೂ ಹೋಗಿದ್ದ. ಅದು ಎಲ್ಲಿ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ, ಬನವಾಸಿ ಎಂದವರೂ ಇದ್ದಾರೆ. ಆ ಊರಿನ ಉತ್ತರಕ್ಕೆ ದೊಡ್ಡ ತಾಳೆಮರದ ಕಾಡಿತ್ತು, ಅದರ ಉದ್ದನೆಯ ಹೊಳೆಯುವ ಗರಿಗಳನ್ನು ಭಾರತದಲ್ಲೆಲ್ಲಾ ಬರೆಯಲು ಬಳಸುತ್ತಾರೆ ಅಂತ ಬರೆದಿದ್ದಾನೆ. ಪುಸ್ತಕ ಹುಡುಕಿ ಅಷ್ಟು ದೂರ ಬಂದವನ ಕಣ್ಣಿಗೆ ಪುಸ್ತಕವಾಗುವ ಮರ ಬೀಳದೆ ಇರುತ್ತದೆಯೇ?

ಕಲ್ಲಿನ ಪುಸ್ತಕಗಳು

ಭಾನುವಾರ ಹೋಗಿದ್ದು 'ಶಿಲಾಶಾಸನಗಳ ಕಾಡು' ಎಂದು ಕರೆಯುವ ಬೇಲಿನ್ ಸಂಗ್ರಹಾಲಯಕ್ಕೆ. ಸೈನಿಕರನ್ನು ನೋಡಲು ಬರುವ ಜನಸಂದಣಿಗೆ ಹೋಲಿಸಿದರೆ ಇಲ್ಲಿ ನೆಮ್ಮದಿ. 1087ರಲ್ಲಿ ಶುರುವಾದದ್ದು. ಕನ್ಫ್ಯೂಷಿಯಸ್ ಪರಂಪರೆಯ ಹನ್ನೆರಡು ಗ್ರಂಥಗಳನ್ನು 837ರಲ್ಲಿ 114 ಕಲ್ಲುಗಳ ಎರಡೂ ಬದಿಗೆ ಕೆತ್ತಿ ಮುಗಿಸಿದರು, ಆರೂವರೆ ಲಕ್ಷ ಅಕ್ಷರ! ಚಿನ್ ಸಾಮ್ರಾಟ ಸುಡಿಸಿದ್ದು ಇಂಥವನ್ನೇ. ಸುಡಲಾಗದಂತೆ ಕಲ್ಲಿನಲ್ಲೇ ಬರೆದಿಟ್ಟ ಹಾಗಾಯಿತು. ಹಸ್ತಪ್ರತಿಯಲ್ಲಿ ತಪ್ಪು ನುಸುಳಿದರೆ ಇಲ್ಲಿಗೆ ಬಂದು ಹೋಲಿಸಿ ತಿದ್ದಿಕೊಳ್ಳಬಹುದಿತ್ತು. ಪಕ್ಕದಲ್ಲೇ 781ರ ಕ್ರೈಸ್ತ ಶಾಸನವೊಂದಿದೆ, ಚೀನೀ ಲಿಪಿಯ ಜೊತೆ ಸಿರಿಯಾಕ್ ಲಿಪಿಯೂ ಇದೆ.

ಕಲ್ಲಿಗೂ ಆಪತ್ತು ತಪ್ಪಲಿಲ್ಲ. 1556ರ ಜನವರಿ 23ರಂದು ಶಾನ್‌ಶಿಯಲ್ಲಿ ಆದ ಭೂಕಂಪದಲ್ಲಿ ಸುಮಾರು 8,30,000 ಜನ ಸತ್ತರೆಂದು ದಾಖಲೆ. ಮಾನವ ಇತಿಹಾಸದಲ್ಲೇ ಅತಿ ಹೆಚ್ಚು ಜೀವ ತೆಗೆದ ಭೂಕಂಪ ಅದು. ಹಳದಿ ಮಣ್ಣಿನ ಗುಡ್ಡ ಕೊರೆದು ಗುಹೆಮನೆ ಮಾಡಿಕೊಂಡಿದ್ದವರ ಮೇಲೆ ಗುಡ್ಡವೇ ಕುಸಿಯಿತು. ಚಿಕ್ಕ ಕಾಡುಬಾತುಕೋಳಿ ಪಗೋಡದ ಮೇಲಿನ ಎರಡು ಅಂತಸ್ತು ಉದುರಿದವು. ಶಾಸನದ ಕಲ್ಲುಗಳೂ ಒಡೆದವು. ಒಡೆದು ಹೋದ ಅಕ್ಷರಗಳನ್ನು ಆಮೇಲೆ ಚಿಕ್ಕ ಕಲ್ಲುಗಳಲ್ಲಿ ಬೇರೆಯಾಗಿ ಕೆತ್ತಿ ಪಕ್ಕದಲ್ಲಿಟ್ಟರು.

ಶಿಯಾನ್‌ನ ವಾಯವ್ಯಕ್ಕೆ ಚಿಯೆನ್‌ಲಿಂಗ್ ಎಂಬಲ್ಲಿ ಚೀನಾವನ್ನು ತನ್ನ ಹೆಸರಿನಲ್ಲೇ ಆಳಿದ ಏಕೈಕ ಮಹಿಳೆ ವೂ ಜೆತಿಯನ್ (ಮರಣ 705) ಮತ್ತು ಅವಳ ಗಂಡನ ಸಮಾಧಿ ಇದೆ. ಅಲ್ಲಿ ಏಳೂವರೆ ಮೀಟರ್ ಎತ್ತರದ ಒಂದು ಕಲ್ಲು. ಅದರ ಮೇಲೆ ಅವಳ ಬಗ್ಗೆ ಒಂದಕ್ಷರವೂ ಕೆತ್ತಿರಲಿಲ್ಲ! ತನ್ನನ್ನು ಮುಂದಿನವರೇ ತೂಗಲಿ ಅಂತ ಬಿಟ್ಟಳು ಅನ್ನುತ್ತಾರೆ ಕೆಲವರು, ಬರೆಯಲು ಯಾರೂ ಒಪ್ಪಲಿಲ್ಲ ಅನ್ನುತ್ತಾರೆ ಇನ್ನು ಕೆಲವರು. ಖಾಲಿ ಜಾಗ ಕಂಡರೆ ಜನ ಬಿಡುತ್ತಾರೆಯೇ? ಮುಂದಿನ ಶತಮಾನಗಳಲ್ಲಿ ಬಂದವರು ತಮ್ಮ ತಮ್ಮ ಬರಹ ಕೆತ್ತಿದರು. ಅದರಲ್ಲಿ 1134ರ ಒಂದು ಬರಹ ಖಿತಾನ್ ಎಂಬ ಮರೆತುಹೋದ ಲಿಪಿಯಲ್ಲೂ ಚೀನೀ ಲಿಪಿಯಲ್ಲೂ ಇದೆ. ಆ ಲಿಪಿಯನ್ನು ಓದಲು ಹೊರಟ ವಿದ್ವಾಂಸರಿಗೆ ಅದೇ ಒಂದು ದೊಡ್ಡ ಆಸರೆಯಾಯಿತು.

ಇನ್ನು ನೋಡಲು ಇರುವುದು ಬೇಕಾದಷ್ಟು. 1370ರ ದಶಕದ ನಗರಕೋಟೆಯ ಸುತ್ತಳತೆ 13.7 ಕಿಲೋಮೀಟರ್, ಮೇಲೆ ಬಾಡಿಗೆ ಸೈಕಲ್‌ನಲ್ಲಿ ಒಂದು ಸುತ್ತು ಹೊಡೆಯಬಹುದು. ಫಾಮೆನ್ ದೇವಾಲಯದ ನೆಲಮಾಳಿಗೆಯಲ್ಲಿ 1987ರಲ್ಲಿ ಸಿಕ್ಕ ಬುದ್ಧನ ಬೆರಳ ಮೂಳೆ, ಹುವಾಚಿಂಗ್ ಬಿಸಿನೀರಿನ ಬುಗ್ಗೆ (1936ರ ಡಿಸೆಂಬರಿನಲ್ಲಿ ಚಿಯಾಂಗ್ ಕೈ-ಶೆಕ್‌ನನ್ನು ಅವನದೇ ಸೇನಾಪತಿಗಳು ಸೆರೆಹಿಡಿದ ಜಾಗ), ಉತ್ತರಕ್ಕೆ ಹೋದರೆ ಮಾವೋನ ಯೆನಾನ್. ನಮ್ಮ ಸೊಲ್ಲಾಪುರದ ಡಾ. ಕೋಟ್ನಿಸ್ ಇದ್ದ ಭಾರತೀಯ ವೈದ್ಯರ ತಂಡ 1939ರಲ್ಲಿ ಬಂದದ್ದು ಈ ಯೆನಾನ್‌ಗೇ.

ಊಟದ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ಅಲ್ಲಿ 'ಬಿಯಾಂಗ್ ಬಿಯಾಂಗ್' ಅಂತ ಬೆಲ್ಟಿನಷ್ಟು ಅಗಲದ ನೂಡಲ್ಸ್ ಇದೆ. ಮೇಲೆ ಖಾರದಪುಡಿ, ಬೆಳ್ಳುಳ್ಳಿ ಹಾಕಿ ಕಾದ ಎಣ್ಣೆ ಸುರಿಯುತ್ತಾರೆ, ಚೊಂಯ್ ಅನ್ನುತ್ತೆ, ಥೇಟ್ ನಮ್ಮ ಒಗ್ಗರಣೆ! ಆ 'ಬಿಯಾಂಗ್' ಬರೆಯುವ ಅಕ್ಷರಕ್ಕೆ ಐವತ್ತಕ್ಕೂ ಹೆಚ್ಚು ಗೀಟುಗಳು. 2020ರಲ್ಲಿ ಯೂನಿಕೋಡ್ 13.0 ಬರುವ ತನಕ ಅದನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಲು ಆಗುತ್ತಿರಲಿಲ್ಲ, ಹೋಟೆಲಿನವರು ಚಿತ್ರವಾಗಿ ಅಂಟಿಸುತ್ತಿದ್ದರು. ಕನ್ನಡ 1991ರ ಮೊದಲ ಆವೃತ್ತಿಯಲ್ಲೇ ಇತ್ತು ಅಂತ ನೆನೆದು ಸ್ವಲ್ಪ ಬೀಗಿದೆ.

ಅಟ್ಟದ ಮೇಲಿನ ಕಟ್ಟು

ಆ ಬೀಗುವಿಕೆ ಬಹಳ ಹೊತ್ತು ಉಳಿಯಲಿಲ್ಲ. ಶಿವಮೊಗ್ಗದ ಕಡೆಯ ನಮ್ಮ ಅಜ್ಜನ ಮನೆಯ ಅಟ್ಟದಲ್ಲಿ ಕೆಂಪು ಬಟ್ಟೆ ಸುತ್ತಿದ ಆರೇಳು ತಾಳೆಗರಿ ಕಟ್ಟುಗಳಿದ್ದವು. ಚಿಕ್ಕವನಿದ್ದಾಗ ನೋಡಿದ್ದೆ. ಇಂಜಿನಿಯರಿಂಗ್ ಓದುವಾಗ ಒಮ್ಮೆ ರಜೆಗೆ ಹೋದಾಗ ಕೇಳಿದರೆ ಅಜ್ಜಿ, "ಗೆದ್ದಲು ಹಿಡಿದಿತ್ತು ಮಗಾ, ಯಾರಿಗೂ ಓದಕ್ಕೂ ಬರಲ್ಲ, ಹಂಡೆ ಒಲೆಗೆ ಹಾಕಿದೆ" ಅಂದರು. ನಾನೂ "ಹೌದಾ ಅಜ್ಜಿ" ಅಂದು ಅದೇ ಹಂಡೆಯ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಂದೆ. ಆಗ ಏನೂ ಅನ್ನಿಸಿರಲಿಲ್ಲ. ಹ್ಯೂಯೆನ್ ತ್ಸಾಂಗ್‌ನ ಪ್ರತಿಮೆಯ ಕೆಳಗೆ ನಿಂತಾಗ ಅನ್ನಿಸಿತು. ಪುಸ್ತಕ ಸುಡಲು ಸಾಮ್ರಾಟನೇ ಆಗಬೇಕಿಲ್ಲ, ಓದಲು ಬರದ ಮೊಮ್ಮಗ ಸಾಕು.

ವಾಪಸ್ ಬಂದ ಮೇಲೆ ಮೊದಲ ರಜೆಗೆ ಊರಿಗೆ ಹೋಗಿ ಅಟ್ಟ ಹತ್ತಿದೆ. ಹಳೆಯ ತಾಮ್ರದ ಪಾತ್ರೆಗಳ ಹಿಂದೆ ಒಂದು ಕಟ್ಟು ಉಳಿದಿತ್ತು! 43 ಗರಿಗಳು, ಅಂಚು ಗೆದ್ದಲು ತಿಂದಿದೆ. ಜಗಲಿಯ ಬೆಳಕಿನಲ್ಲಿ ಒಂದೊಂದನ್ನೂ ಎರಡೂ ಬದಿ ಫೋಟೋ ತೆಗೆದೆ. ಅಜ್ಜಿ ಪಕ್ಕದಲ್ಲೇ ಕೂತು, "ಅವತ್ತೇ ಹೇಳಿದ್ರೆ ಎಲ್ಲಾ ಇಟ್ಟಿರ್ತಿದ್ನಲ್ಲೋ" ಅಂದರು. ಅವರ ತಪ್ಪೇನಿದೆ.

ಗೊತ್ತಿದ್ದವರಿಗೆ ತೋರಿಸಿದಾಗ ಲಿಪಿ ತಿಗಳಾರಿ ಅಂದರು. ಮಲೆನಾಡು, ಕರಾವಳಿಯಲ್ಲಿ ಹೆಚ್ಚಾಗಿ ಸಂಸ್ಕೃತ ಗ್ರಂಥಗಳನ್ನು ಬರೆಯಲು ಬಳಸುತ್ತಿದ್ದ ಲಿಪಿ ಅದು. 2024ರ ಸೆಪ್ಟೆಂಬರಿನಲ್ಲಿ ಬಂದ ಯೂನಿಕೋಡ್ 16.0ರಲ್ಲಿ ತುಳು-ತಿಗಳಾರಿಗೂ ಜಾಗ ಸಿಕ್ಕಿದೆ. ಹಾಗಾಗಿ ಈಗ ದಿನಾ ರಾತ್ರಿ ಊಟ ಆದ ಮೇಲೆ ಅರ್ಧ ಗಂಟೆ ಆ ಅಕ್ಷರಗಳನ್ನು ಕಲಿಯುತ್ತಿದ್ದೇನೆ. ಮೊದಲ ಗರಿಯ ಮೊದಲ ಸಾಲು ಮುಗಿದಿದೆ. ಇನ್ನು ಉಳಿದದ್ದು 42 ಗರಿ ಮತ್ತು ಮೊದಲ ಗರಿಯ ಉಳಿದ ಸಾಲುಗಳು. ಅವನಿಗಾದರೆ 20 ಕುದುರೆಯ ಹೊರೆ ಇತ್ತು, ನನಗೆ ಇರುವುದು ಒಂದೇ ಕಟ್ಟು.